ಊಟ ಎದೆಯಲ್ಲಿ ಸಿಕ್ಕಿಕೊಂಡರೆ: ಆ ಹೊತ್ತಿಗೆ ಏನು ಮಾಡಬೇಕು, ಆಮೇಲೆ ಏನು ಮಾಡಬೇಕು

ಯುಗಾದಿ ಮರುದಿನದ ಹೊಸತೊಡಕು, ಮದುವೆ ಮುಗಿದ ಮೇಲಿನ ಬೀಗರ ಊಟ, ಇಲ್ಲವೇ ಯಾವುದೋ ಒಂದು ಭಾನುವಾರದ ಮಟನ್ ಸಾರು. ಇಂಥ ದಿನಗಳ ಸಂಜೆ ನಮ್ಮ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯಿಂದ ಇಳಿಸಿ ಒಳಗೆ ನೋಡುವುದು) ರೂಮಿಗೆ ಎಮರ್ಜೆನ್ಸಿಯಿಂದ ಫೋನ್ ಬರುವುದು ಜಾಸ್ತಿ. ಹೋಗಿ ನೋಡಿದರೆ ಒಬ್ಬರು ಮುಂದಕ್ಕೆ ಬಾಗಿ ಕೂತಿರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಎಂಜಲು ನುಂಗಲು ಆಗದೆ ಅದರೊಳಗೆ ಉಗಿಯುತ್ತಿರುತ್ತಾರೆ. "ಸಿಸ್ಟರ್, ಇಲ್ಲೇ ಸಿಕ್ಕಾಕೊಂಡಿದೆ" ಅಂತ ಎದೆಯ ನಡುವೆ ಬೆರಳಿಟ್ಟು ತೋರಿಸುತ್ತಾರೆ. ಬಾಳೆಹಣ್ಣು, ಅನ್ನದ ಉಂಡೆ, ಸೋಡಾ ಎಲ್ಲ ಕೊಟ್ಟು ನೋಡಿದೆವು ಅಂತ ಜೊತೆಗೆ ಬಂದವರು ಹೇಳುತ್ತಾರೆ.

ನಾನು ಬೆಂಗಳೂರಿನಲ್ಲಿ ಬಹಳ ವರ್ಷದಿಂದ ಎಂಡೋಸ್ಕೋಪಿ ನರ್ಸ್. ಸಿಕ್ಕಿಕೊಂಡ ತುಂಡನ್ನು ತೆಗೆಯುವ ಕೆಲಸ ಬಹುಪಾಲು ಚೆನ್ನಾಗಿಯೇ ಮುಗಿಯುತ್ತದೆ. ನನಗೆ ಚಿಂತೆ ಅದರ ಮುಂದಿನದ್ದು. ತುಂಡು ಇಳಿದ ಕೂಡಲೇ ಜನ ಮನೆಗೆ ಹೋಗಿ ಮರೆತುಬಿಡುತ್ತಾರೆ. ದೊಡ್ಡವರ ಅನ್ನನಾಳದಲ್ಲಿ ಊಟ ಸಿಕ್ಕಿಕೊಂಡಿತು ಅಂದರೆ, ಹೆಚ್ಚಿನ ಸಲ ಅಲ್ಲಿ ಮೊದಲೇ ಏನೋ ತೊಂದರೆ ಇರುತ್ತದೆ. ಅದು ಏನು ಅಂತ ಪತ್ತೆ ಮಾಡಿಸಿಕೊಳ್ಳಿ. ಇದನ್ನು ಹೇಳುವುದಕ್ಕೇ ಈ ಬರಹ.

ಮೊದಲು ಉಸಿರು ನೋಡಿ

ಊಟ ಎರಡು ಕಡೆ ಸಿಕ್ಕಿಕೊಳ್ಳಬಹುದು. ಒಂದು ಶ್ವಾಸನಾಳ, ಇನ್ನೊಂದು ಅನ್ನನಾಳ. ಮಾತಾಡಲು ಆಗುತ್ತಿಲ್ಲ, ಕೆಮ್ಮಿದರೆ ಸದ್ದು ಬರುತ್ತಿಲ್ಲ, ಕೈ ಕತ್ತಿಗೆ ಹೋಗಿದೆ, ತುಟಿ ನೀಲಿ ಆಗುತ್ತಿದೆ ಅಂದರೆ ಉಸಿರಿನ ದಾರಿ ಕಟ್ಟಿದೆ. ಇಲ್ಲಿ ಆಸ್ಪತ್ರೆಗೆ ಹೋಗುವಷ್ಟು ಸಮಯ ಇರುವುದಿಲ್ಲ. ಅವರನ್ನು ಮುಂದಕ್ಕೆ ಬಾಗಿಸಿ, ಎರಡು ಭುಜಗಳ ನಡುವೆ ಬೆನ್ನಿಗೆ ಅಂಗೈ ಬುಡದಿಂದ 5 ಸಲ ಜೋರಾಗಿ ಹೊಡೆಯಿರಿ. ಬರಲಿಲ್ಲ ಅಂದರೆ ಹಿಂದೆ ನಿಂತು, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ತುಂಡು ಹೊರಗೆ ಬರುವ ತನಕ ಇವೆರಡನ್ನೂ ಒಂದಾದ ಮೇಲೆ ಒಂದು ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಗರ್ಭಿಣಿಯರಿಗೆ ಮತ್ತು ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು, ಎದೆಯ ಮೂಳೆಯ ಮೇಲೆ ಒತ್ತಬೇಕು. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿ.ಪಿ.ಆರ್. (ಎದೆಯ ನಡುವೆ ಜೋರಾಗಿ ಒತ್ತುತ್ತಾ ಇರುವುದು) ಶುರು ಮಾಡಿ.

ಮಾತಾಡುತ್ತಿದ್ದಾರೆ, ಉಸಿರು ಸರಾಗವಾಗಿದೆ, ಆದರೆ ನುಂಗಲು ಆಗುತ್ತಿಲ್ಲ ಅಂದರೆ ಅದು ಅನ್ನನಾಳ. ಅವರ ಹೊಟ್ಟೆ ಒತ್ತಿ ಏನೂ ಪ್ರಯೋಜನವಿಲ್ಲ. ಇನ್ನು ಮುಂದೆ ಹೇಳುವುದೆಲ್ಲ ಇವರಿಗೆ.

ಆ ಗಂಟೆಯಲ್ಲಿ

ಊಟ ನಿಲ್ಲಿಸಿ. ನೆಟ್ಟಗೆ ಕೂತುಕೊಳ್ಳಿ, ಮಲಗಬೇಡಿ. ಎಂಜಲು ಬಂದರೆ ಉಗಿಯಿರಿ.

ಎಂಜಲು ನುಂಗಲು ಆಗುತ್ತಿದೆಯಾ, ಇಲ್ಲವಾ? ಮುಖ್ಯವಾದ ಪ್ರಶ್ನೆ ಇದು. ಎಂಜಲೂ ಇಳಿಯುತ್ತಿಲ್ಲ ಅಂದರೆ ದಾರಿ ಪೂರ್ತಿ ಮುಚ್ಚಿದೆ ಅಂತ ಅರ್ಥ. ಆಗ ತಡ ಮಾಡಬೇಡಿ. ಮೇಲೆ ನಿಂತ ಎಂಜಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಇಂಥ ಸ್ಥಿತಿಯಲ್ಲಿ ಸಾಧ್ಯವಾದರೆ 2 ಗಂಟೆಯೊಳಗೆ, ಎಷ್ಟೇ ತಡವಾದರೂ 6 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು ಅನ್ನುವುದು ಯುರೋಪಿನ ತಜ್ಞರ ಮಾರ್ಗಸೂಚಿ. ಚೂಪಾದ ಮೂಳೆ ಅಥವಾ ಮೀನಿನ ಮುಳ್ಳು ಅನ್ನನಾಳದಲ್ಲಿ ಸಿಕ್ಕಿದರೂ ಇದೇ ಲೆಕ್ಕ. ಎಂಜಲು ಇಳಿಯುತ್ತಿದೆ, ಎದೆಯಲ್ಲಿ ಏನೋ ಕೂತ ಹಾಗಿದೆ ಅಷ್ಟೇ ಅಂದರೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಬಹುದು. ತಾನಾಗಿಯೇ ಇಳಿಯುವುದೂ ಉಂಟು. ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ ಹೊರಡಿ. ಯಾವ ತುಂಡನ್ನೂ 24 ಗಂಟೆ ದಾಟಿ ಅಲ್ಲೇ ಬಿಡಬಾರದು. ಒಂದೇ ಜಾಗವನ್ನು ಒತ್ತುತ್ತಾ ಕೂತರೆ ಅನ್ನನಾಳದ ಗೋಡೆ ಹುಣ್ಣಾಗುತ್ತದೆ, ತೂತು ಬೀಳಬಹುದು.

ಈಗ ಅನ್ನದ ಉಂಡೆಯ ವಿಷಯ. ಮುಳ್ಳು ಸಿಕ್ಕಿಕೊಂಡರೆ ಉಂಡೆ ಅನ್ನ ನುಂಗು, ಬಾಳೆಹಣ್ಣು ನುಂಗು ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮುಳ್ಳು ಇನ್ನೂ ಆಳಕ್ಕೆ ಚುಚ್ಚಿಕೊಳ್ಳುತ್ತದೆ. ಮಾಂಸದ ತುಂಡು ಸಿಕ್ಕಿದ್ದರೆ ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ. ಎಂಡೋಸ್ಕೋಪಿ ಹೊತ್ತಿನಲ್ಲಿ ಆ ಅನ್ನವನ್ನೆಲ್ಲ ತೆಗೆದ ಮೇಲೇ ತುಂಡು ಕಾಣುವುದು. ಅಷ್ಟು ಹೊತ್ತೂ ಅದು ಶ್ವಾಸಕೋಶಕ್ಕೆ ಜಾರುವ ಭಯ. ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ, ಜೋರು ವಾಂತಿಯಲ್ಲಿ ಅನ್ನನಾಳ ಹರಿಯಬಹುದು. ಮಾಂಸ ಮೆತ್ತಗಾಗಲಿ ಅಂತ ಪಪ್ಪಾಯಿ ಸತ್ವದ ಪುಡಿ ಕುಡಿಸುವುದು ಇನ್ನೂ ಕೆಟ್ಟದ್ದು. ಅದು ಮಾಂಸದ ಜೊತೆ ಅನ್ನನಾಳವನ್ನೂ ತಿನ್ನುತ್ತದೆ.

ಸೋಡಾ, ಕೋಲಾ ಕುಡಿದರೆ ಇಳಿಯುತ್ತದಾ ಅಂತ ತುಂಬ ಜನ ಕೇಳುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಇದನ್ನು ಸರಿಯಾಗಿ ಪರೀಕ್ಷೆ ಮಾಡಿದರು. ಫಲಿತಾಂಶ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಊಟ ಸಿಕ್ಕಿಕೊಂಡ 51 ಜನರಲ್ಲಿ ಕೆಲವರಿಗೆ ಕೋಲಾ ಕೊಟ್ಟರು, ಉಳಿದವರಿಗೆ ಸುಮ್ನೆ ಕಾಯಲು ಹೇಳಿದರು. ಎರಡು ಗುಂಪಿನಲ್ಲೂ ಶೇ. 61 ಜನರಿಗೆ ತೊಂದರೆ ಕಡಿಮೆ ಆಯಿತು. ಅಂದರೆ ಕೋಲಾದಿಂದ ವಿಶೇಷವೇನೂ ಆಗಲಿಲ್ಲ. ಎಂಜಲೇ ಇಳಿಯದವರಿಗಂತೂ ನೀರನ್ನೂ ಕೊಡಬೇಡಿ.

ಮೀನಿನ ಮುಳ್ಳಿನ ಬಗ್ಗೆ ಇನ್ನೊಂದು ಮಾತು. ಅದು ಬಹಳ ಸಲ ಗಂಟಲಿನ ಮೇಲ್ಭಾಗದಲ್ಲೇ, ಟಾನ್ಸಿಲ್ ಅಥವಾ ನಾಲಗೆಯ ಬುಡದಲ್ಲಿ ಇರುತ್ತದೆ. ಕಿವಿ ಮೂಗು ಗಂಟಲಿನ ಡಾಕ್ಟರು ದೀಪ ಹಿಡಿದು ತೆಗೆದುಬಿಡುತ್ತಾರೆ. ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ತಿಳಿಯಬೇಡಿ. ನೋವು ಹಾಗೇ ಇದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

ಮಕ್ಕಳು ರಿಮೋಟ್‌ನ ಅಥವಾ ಆಟಿಕೆಯ ಬಟನ್ ಬ್ಯಾಟರಿ ನುಂಗಿದರೆ ಅದು ಊಟದ ತುಂಡಿಗಿಂತ ತುಂಬ ಅಪಾಯ. 2 ಗಂಟೆಯಲ್ಲೇ ಒಳಗೆ ಸುಟ್ಟ ಗಾಯ ಆಗುತ್ತದೆ. ಕೂಡಲೇ ಓಡಿ. ನುಂಗಿ 12 ಗಂಟೆ ದಾಟಿಲ್ಲ, ಮಗುವಿಗೆ ಒಂದು ವರ್ಷ ತುಂಬಿದೆ, ನುಂಗಲು ಆಗುತ್ತಿದೆ ಅಂದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು. ಆರು ಸಲಕ್ಕಿಂತ ಜಾಸ್ತಿ ಬೇಡ. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬೇಡಿ.

ಆಸ್ಪತ್ರೆಗೆ ಹೋಗುವಾಗ

ನಮ್ಮ ಊರಿನ ಟ್ರಾಫಿಕ್ ಗೊತ್ತಲ್ವಾ. ಸಿಲ್ಕ್ ಬೋರ್ಡ್ ದಾಟಿ ದೊಡ್ಡ ಹೆಸರಿನ ಆಸ್ಪತ್ರೆಗೇ ಹೋಗಬೇಕು ಅಂತ ಏನೂ ಇಲ್ಲ. ಹತ್ತಿರದ ಆಸ್ಪತ್ರೆಗೆ ಮೊದಲು ಫೋನ್ ಮಾಡಿ, "ಈಗ ಎಮರ್ಜೆನ್ಸಿ ಎಂಡೋಸ್ಕೋಪಿ ಆಗುತ್ತಾ?" ಅಂತ ಕೇಳಿ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ರಾತ್ರಿ ಹೊತ್ತು ಇರುವುದಿಲ್ಲ. ಅಲ್ಲಿಗೆ ಹೋಗಿ, ಮತ್ತೆ ಇನ್ನೊಂದು ಕಡೆ ಹೋಗುವಷ್ಟರಲ್ಲಿ ಹೊತ್ತು ಕಳೆಯುತ್ತದೆ.

ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಮೂಳೆ ಇತ್ತಾ ಅನ್ನುವುದನ್ನು ಸರಿಯಾಗಿ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಕೇಳುವ ಮೊದಲೇ ಹೇಳಿ. ಹಲ್ಲಿನ ಸೆಟ್ ತೆಗೆದು ಮನೆಯವರ ಕೈಗೆ ಕೊಡಿ. ಸೆಟ್‌ನ ಒಂದು ಚೂರು ಕಾಣೆಯಾಗಿದ್ದರೆ ಅದನ್ನೂ ಹೇಳಿ, ಅದೇ ಒಳಗಿರಬಹುದು. ಬೇರಿಯಂ (ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧಿ) ಕುಡಿಸಿ ಎಕ್ಸ್‌ರೇ ತೆಗೆಯಿರಿ ಅಂತ ನೀವಾಗಿ ಒತ್ತಾಯ ಮಾಡಬೇಡಿ. ದಾರಿ ಮುಚ್ಚಿದಾಗ ಬೇರಿಯಂ ಶ್ವಾಸಕೋಶಕ್ಕೆ ಹೋಗಬಹುದು, ಕ್ಯಾಮೆರಾಗೂ ಅಡ್ಡ ಬರುತ್ತದೆ.

ಎಂಡೋಸ್ಕೋಪಿ ಅಂದರೆ ಕಿರುಬೆರಳಿಗಿಂತ ತೆಳ್ಳಗಿನ, ತುದಿಯಲ್ಲಿ ಕ್ಯಾಮೆರಾ ಇರುವ ಮೆತ್ತನೆ ಕೊಳವೆ ಇಳಿಸಿ ನೋಡುವುದು. ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಎಂಜಲು, ಊಟ ಮೇಲೆ ತುಂಬಿದ್ದರೆ ಪೂರ್ತಿ ಅರಿವಳಿಕೆ ಕೊಟ್ಟು ಉಸಿರಿನ ಕೊಳವೆ ಹಾಕುತ್ತಾರೆ. ಅದು ಕೇಳಿ ಹೆದರಬೇಡಿ, ಶ್ವಾಸಕೋಶ ಕಾಪಾಡಲು ಹಾಗೆ ಮಾಡುವುದು. ತುಂಡನ್ನು ಸಣ್ಣ ಬಲೆಯಲ್ಲೋ ಇಕ್ಕಳದಲ್ಲೋ ಹಿಡಿದು ತೆಗೆಯುತ್ತಾರೆ, ಇಲ್ಲವೇ ಮೆಲ್ಲಗೆ ಹೊಟ್ಟೆಗೆ ತಳ್ಳುತ್ತಾರೆ. ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಗಂಜಿ, ಮೊಸರನ್ನ ತಿನ್ನುತ್ತಾರೆ. ಮನೆಗೆ ಹೋದ ಮೇಲೆ ಎದೆನೋವು ಏರಿದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ, ಕತ್ತಿನ ಚರ್ಮ ಊದಿ ಮುಟ್ಟಿದಾಗ ಚರಚರ ಅಂದರೆ, ರಕ್ತ ವಾಂತಿ ಆದರೆ, ಮಲ ಕಪ್ಪಾದರೆ ಅದೇ ಕ್ಷಣ ವಾಪಸ್ ಬನ್ನಿ. ಅನ್ನನಾಳಕ್ಕೆ ತೂತು ಬೀಳುವುದು ಅಪರೂಪ, ಆದರೆ ಅದರಲ್ಲಿ ಗಂಟೆ ಗಂಟೆಗೂ ಬೆಲೆ ಇದೆ.

ಯಾಕೆ ಸಿಕ್ಕಿಕೊಂಡಿತು?

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಊಟ ತನ್ನ ಭಾರಕ್ಕೆ ಇಳಿಯುವುದಿಲ್ಲ. ಸ್ನಾಯು ಅಲೆ ಅಲೆಯಾಗಿ ಹಿಂಡಿ ಇಳಿಸುತ್ತದೆ. ಹಾಗಾಗಿ ತೊಂದರೆ ಎರಡು ರೀತಿ. ದಾರಿ ಕಿರಿದಾಗಿರಬೇಕು, ಇಲ್ಲವೇ ಹಿಂಡುವ ಕೆಲಸ ಕೆಟ್ಟಿರಬೇಕು. ಚೆನ್ನಾಗಿರುವ ಅನ್ನನಾಳ 20 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಅಗಲ ಆಗುತ್ತದೆ. 13 ಮಿಲಿಮೀಟರ್‌ಗಿಂತ ಕಿರಿದಾದರೆ ಗಟ್ಟಿ ಊಟ ತಡೆಯುವುದು ಹೆಚ್ಚುಕಡಿಮೆ ಖಚಿತ.

ನಾವು ತುಂಬ ನೋಡುವುದು ಹುಳಿತೇಗು, ಎದೆಯುರಿಯ ಕತೆ. ಹೊಟ್ಟೆಯ ಆಸಿಡ್ ವರ್ಷಗಟ್ಟಲೆ ಮೇಲೆ ಬಂದು ಅನ್ನನಾಳದ ಕೆಳತುದಿ ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಗಾಯದ ಕಲೆ ಬಿಗಿಯಾಗಿ ದಾರಿ ಕಿರಿದಾಗುತ್ತದೆ. "ಗ್ಯಾಸ್ಟ್ರಿಕ್ ಇದೆ" ಅಂತ ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತಗೊಂಡು ವರ್ಷಗಳನ್ನು ಕಳೆದವರು ಕೊನೆಗೆ ಹೀಗೆ ಬರುತ್ತಾರೆ. ಇನ್ನೊಂದು, ಷಾಟ್ಸ್‌ಕಿ ರಿಂಗ್. ಕೆಳತುದಿಯಲ್ಲಿ ಬಳೆಯ ಹಾಗೆ ತೆಳುವಾದ ಪದರ. ಇದು ಇರುವವರು ತಿಂಗಳುಗಟ್ಟಲೆ ಆರಾಮಾಗಿ ಇರುತ್ತಾರೆ. ಒಂದು ದಿನ ಅವಸರದಲ್ಲಿ ನುಂಗಿದ ಮಾಂಸದ ತುಂಡು ಅಲ್ಲಿ ನಿಲ್ಲುತ್ತದೆ.

ವಯಸ್ಸಿನ ಹುಡುಗರು, ಅದರಲ್ಲೂ ಆಸ್ತಮಾ, ಮೂಗಿನ ಅಲರ್ಜಿ, ಚರ್ಮದ ಅಲರ್ಜಿ ಇರುವವರು ಬಂದರೆ ಡಾಕ್ಟರಿಗೆ ಬೇರೆ ಸಂಶಯ ಬರುತ್ತದೆ. ಅದು ಇಯೊಸಿನೊಫಿಲಿಕ್ ಈಸೊಫಜೈಟಿಸ್. ಹೆಸರು ಉದ್ದ, ವಿಷಯ ಸರಳ. ಹಾಲು, ಗೋಧಿ, ಮೊಟ್ಟೆಯಂಥ ಆಹಾರಕ್ಕೆ ಅನ್ನನಾಳದ ಗೋಡೆ ಅಲರ್ಜಿಯ ರೀತಿ ಕೆರಳುತ್ತದೆ, ಅಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣಗಳು ತುಂಬಿಕೊಳ್ಳುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಯುವಕರಿಗೆ ಊಟ ಸಿಕ್ಕಿಕೊಳ್ಳಲು ದೊಡ್ಡ ಕಾರಣ ಇದೇ. ನಮ್ಮಲ್ಲಿ ಅಷ್ಟು ಕಾಣದಿದ್ದರೂ ಇದೆ. ಕ್ಯಾಮೆರಾದಲ್ಲಿ ಅನ್ನನಾಳ ಚೆನ್ನಾಗಿಯೇ ಕಂಡರೂ ಈ ಕಾಯಿಲೆ ಇರಬಹುದು. ಬಯಾಪ್ಸಿ, ಅಂದರೆ ಗೋಡೆಯ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಬೇರೆ ಬೇರೆ ಜಾಗದಿಂದ ಕನಿಷ್ಠ 6 ಚೂರು ತೆಗೆಯಬೇಕು. ಆ ರಾತ್ರಿ ತೆಗೆಯಲು ಆಗದಿದ್ದರೆ ಮತ್ತೊಂದು ದಿನ ಬರಲು ಹೇಳುತ್ತಾರೆ. ಬಹಳ ಜನ ವಾಪಸ್ ಬರುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರು.

ಅಕಲೇಸಿಯಾ ಅನ್ನುವುದು ಹಿಂಡುವ ಕೆಲಸದ ಕಾಯಿಲೆ. ಕೆಳಗಿನ ಬಾಗಿಲು ಸಡಿಲ ಆಗುವುದಿಲ್ಲ. ಇಲ್ಲಿ ಒಂದು ಗುರುತು ಇದೆ. ಗಟ್ಟಿ ಊಟ, ನೀರು ಎರಡೂ ಮೊದಲಿನಿಂದಲೇ ತಡೆಯುತ್ತವೆ. ರಾತ್ರಿ ಮಲಗಿದಾಗ ತಿಂದದ್ದು ಹಾಗೇ ಬಾಯಿಗೆ ಬರುತ್ತದೆ.

ಇದಕ್ಕೆ ವಿರುದ್ಧವಾಗಿ, ಮೊದಲು ಮುದ್ದೆ, ಚಪಾತಿ ತಡೆದು, ಕೆಲವು ವಾರ ಕಳೆದ ಮೇಲೆ ಅನ್ನ, ಆಮೇಲೆ ಗಂಜಿಯೂ ತಡೆಯುತ್ತಾ ಬಂದರೆ, ತೂಕ ಇಳಿಯುತ್ತಿದ್ದರೆ, ಒಂದು ದಿನವೂ ಕಾಯಬೇಡಿ. ಅನ್ನನಾಳದ ಕ್ಯಾನ್ಸರ್ ಹೀಗೆ ಬರುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು, ಅಡಿಕೆ, ಮದ್ಯದ ಅಭ್ಯಾಸ ಇದ್ದರೆ ಅಪಾಯ ಜಾಸ್ತಿ. 65 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಬಿಸಿ ಕಾಫಿ, ಟೀ ಕೂಡ ಬಹುಶಃ ಕಾರಣ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿದೆ. ಕಾಫಿ ಬಿಡಬೇಕಾಗಿಲ್ಲ, ಆರಿಸಿ ಕುಡಿಯಿರಿ. ಸಂಶಯ ಇದ್ದರೆ ನಮ್ಮ ಊರಿನಲ್ಲೇ ಕಿದ್ವಾಯಿ ಆಸ್ಪತ್ರೆ ಇದೆ, ಅದು ಸರ್ಕಾರದ್ದು.

ಹೆಂಗಸರಲ್ಲಿ ಒಂದು ಕಾರಣ ಸುಲಭವಾಗಿ ತಪ್ಪಿಹೋಗುತ್ತದೆ. ರಕ್ತ ಕಡಿಮೆ, ಕಬ್ಬಿಣದ ಅಂಶ ಕಡಿಮೆ, ಬಾಯಿಯ ಮೂಲೆ ಒಡೆದಿದೆ, ಗಂಟಲಲ್ಲಿ ಗಟ್ಟಿ ಊಟ ನಿಲ್ಲುತ್ತದೆ. ಅನ್ನನಾಳದ ಮೇಲ್ಭಾಗದಲ್ಲಿ ತೆಳು ಪೊರೆ ಬೆಳೆದಿರುತ್ತದೆ. ಪ್ಲಮರ್ ವಿನ್ಸನ್ ಅಂತ ಹೆಸರು. ಕಬ್ಬಿಣದ ಮಾತ್ರೆ ತಗೊಂಡು, ಪೊರೆ ಬಿಡಿಸಿದರೆ ವಾಸಿಯಾಗುತ್ತದೆ. ಆದರೂ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಇರುವುದರಿಂದ ಆಗಾಗ ತೋರಿಸಿಕೊಳ್ಳಬೇಕು. "ನನಗೇನು, ನಿಧಾನವಾಗಿ ತಿನ್ನುತ್ತೇನೆ ಬಿಡು" ಅಂತ ಅಡಿಗೆಮನೆಯಲ್ಲಿ ಕೊನೆಗೆ ಒಬ್ಬರೇ ಕೂತು ತಿನ್ನುವ ಅಮ್ಮಂದಿರನ್ನು ಸ್ವಲ್ಪ ಗಮನಿಸಿ.

ಬಾತ್‌ರೂಮ್ ತೊಳೆಯುವ ಆಸಿಡ್ಡನ್ನು ನೀರಿನ ಬಾಟಲಿಯಲ್ಲಿ ಇಟ್ಟು, ಗೊತ್ತಿಲ್ಲದೆ ಯಾರೋ ಕುಡಿದು, ಜೀವಮಾನವಿಡೀ ಅನ್ನನಾಳ ಹಿಗ್ಗಿಸಿಕೊಳ್ಳುತ್ತಾ ಓಡಾಡುವವರೂ ಇದ್ದಾರೆ. ಆ ಬಾಟಲಿಯನ್ನು ಇವತ್ತೇ ಬದಲಾಯಿಸಿ.

ಬಿಟ್ಟರೆ ಮುಂದೆ ಏನಾಗುತ್ತದೆ

ಕಾರಣ ಹುಡುಕದೆ ಬಿಟ್ಟರೆ ಊಟ ಮತ್ತೆ ಸಿಕ್ಕಿಕೊಳ್ಳುವ ಸಾಧ್ಯತೆ ಜಾಸ್ತಿ. ಅದಕ್ಕಿಂತ ದೊಡ್ಡ ನಷ್ಟ ಒಳಗೆ ನಡೆಯುತ್ತದೆ. ಇಯೊಸಿನೊಫಿಲಿಕ್ ಕಾಯಿಲೆಯ ಬಗ್ಗೆ ಸ್ವಿಟ್ಜರ್‌ಲೆಂಡಿನಲ್ಲಿ 200 ಜನರನ್ನು ನೋಡಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ತೊಂದರೆ ಶುರುವಾಗಿ 2 ವರ್ಷದೊಳಗೆ ಪತ್ತೆಯಾದವರಲ್ಲಿ ಶೇ. 17 ಜನರಿಗೆ ಅನ್ನನಾಳ ಕಿರಿದಾಗಿತ್ತು. 20 ವರ್ಷ ದಾಟಿದ ಮೇಲೆ ಪತ್ತೆಯಾದವರಲ್ಲಿ ಅದು ಶೇ. 71. ನಾನು ರೋಗಿಗಳ ಮನೆಯವರಿಗೆ ಈ ಲೆಕ್ಕವನ್ನೇ ಹೇಳುವುದು. ಬೇಗ ಹಿಡಿದರೆ ಮಾತ್ರೆ, ನುಂಗುವ ಸ್ಟೀರಾಯ್ಡ್ ಔಷಧಿ, ಆಹಾರದ ಬದಲಾವಣೆಯಲ್ಲೇ ಹತೋಟಿಗೆ ಬರುತ್ತದೆ. ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಮರಳುತ್ತದೆ, ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಳ್ಳಬೇಕು.

ಆಸಿಡ್‌ನಿಂದ ಕಿರಿದಾದ ಅನ್ನನಾಳವನ್ನು ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಒಂದೇ ಸಲಕ್ಕೆ ಪೂರ್ತಿ ಹಿಗ್ಗಿಸಿದರೆ ಹರಿಯಬಹುದು, ಹಾಗಾಗಿ ಹಲವು ಸಲ ಬರಬೇಕಾಗುತ್ತದೆ. ಒಂದು ಸಲಕ್ಕೆ ಊಟ ಇಳಿಯಿತು ಅಂತ ನಿಲ್ಲಿಸಬೇಡಿ. ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನೂ ನೀವಾಗಿ ಬಿಡಬೇಡಿ. ಕೆಲವರಲ್ಲಿ ಒಳಪದರವೇ ಬದಲಾಗಿ ಬ್ಯಾರೆಟ್ಸ್ ಅನ್ನುವ ಸ್ಥಿತಿ ಆಗಿರುತ್ತದೆ. ಅದು ಕ್ಯಾನ್ಸರ್ ಆಗುವ ಸಾಧ್ಯತೆ ಸಣ್ಣದು, ಆದರೂ ಹೇಳಿದ ಹೊತ್ತಿಗೆ ಎಂಡೋಸ್ಕೋಪಿ ಆಗುತ್ತಿರಬೇಕು. ಅಕಲೇಸಿಯಾಗೆ ಚಿಕಿತ್ಸೆ ಮಾಡಿಸದೆ ಬಿಟ್ಟರೆ ಅನ್ನನಾಳ ಊದಿಕೊಂಡು ಜೋತುಬೀಳಬಹುದು. ಈಗ ಹೊರಗೆ ಕೊಯ್ಯದೆ ಬಾಯಿಯ ಮೂಲಕವೇ ಕೆಳಗಿನ ಬಾಗಿಲಿನ ಸ್ನಾಯು ಬಿಡಿಸುವ ಪೋಯೆಮ್ ಅನ್ನುವ ಚಿಕಿತ್ಸೆ ಬೆಂಗಳೂರಿನಲ್ಲೂ ಸಿಗುತ್ತದೆ.

ಡಿಸ್ಚಾರ್ಜ್ ಹೊತ್ತಿಗೆ ಮೂರು ವಿಷಯ ಕೇಳಿ ಬರೆಸಿಕೊಳ್ಳಿ. ಕಾರಣ ಏನು ಕಂಡಿತು? ಬಯಾಪ್ಸಿ ತೆಗೆದಿರಾ, ರಿಪೋರ್ಟ್ ಯಾವತ್ತು ಬರುತ್ತದೆ? ಮತ್ತೆ ಎಂಡೋಸ್ಕೋಪಿಗೆ ಯಾವಾಗ ಬರಬೇಕು? ಮನೆಯಲ್ಲೇ ಇಳಿದುಹೋದವರೂ ಆ ವಾರ ಗ್ಯಾಸ್ಟ್ರೋ ಡಾಕ್ಟರನ್ನು ನೋಡಿ ಇದನ್ನೇ ಕೇಳಬೇಕು.

ಊಟಕ್ಕೆ ಕೂತಾಗ

ಕಾಯಿಲೆ ಒಳಗೊಳಗೇ ಬೆಳೆಯುವಾಗ ಜನ ತಮಗೇ ಗೊತ್ತಿಲ್ಲದೆ ಹೊಂದಿಕೊಳ್ಳುತ್ತಾರೆ. ಕಲ್ಯಾಣ ಮಂಟಪದಲ್ಲಿ ಪಂಕ್ತಿ ಎದ್ದರೂ ಇವರ ಎಲೆಯಲ್ಲಿ ಇನ್ನೂ ಅನ್ನ ಇರುತ್ತದೆ. ತುತ್ತಿಗೊಂದು ಗುಟುಕು ನೀರು. ಚಪಾತಿ ಬೇಡ, ಮಟನ್ ಬೇಡ, ದೊಡ್ಡ ಮಾತ್ರೆ ಬೇಡ. ಎಲ್ಲವನ್ನೂ ಸಾರಿನಲ್ಲಿ ನೆನೆಸಿ ತಿನ್ನುವುದು. ಮನೆಯಲ್ಲಿ ಯಾರಾದರೂ ಹೀಗೆ ಇದ್ದರೆ ಊಟ ಸಿಕ್ಕಿಕೊಳ್ಳುವ ತನಕ ಕಾಯದೆ ತೋರಿಸಿ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಮುದ್ದೆ ಮೆತ್ತಗಿದ್ದರೆ ಚೆನ್ನಾಗಿರುವವರಿಗೆ ಅದರಿಂದ ಏನೂ ಆಗದು. ತೊಂದರೆ ಬರುವುದು ಅದರ ಜೊತೆಯ ತುಂಡಿಗೆ. ನುಂಗುವ ಅಭ್ಯಾಸದಲ್ಲಿ ಮಟನ್ ಚೂರೂ ಅದೇ ಗುಕ್ಕಿನಲ್ಲಿ ಇಳಿದುಬಿಡುತ್ತದೆ. ತುಂಡನ್ನು ಬೇರೆಯಾಗಿ ಬಾಯಿಗೆ ಹಾಕಿ, ಪೂರ್ತಿ ಅಗಿದು, ಆಮೇಲೆ ಮುದ್ದೆಗೆ ಕೈ ಹಾಕಿ. ಹಲ್ಲಿನ ಸೆಟ್ ಇರುವವರಿಗೆ ಅಂಗುಳ ಮುಚ್ಚಿರುವುದರಿಂದ ಮೂಳೆ ಇದೆಯಾ, ಚೂರು ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಅವರಿಗೆ ಮೂಳೆ ಬಿಡಿಸಿ, ಸಣ್ಣಗೆ ಹೆಚ್ಚಿ ಬಡಿಸಿ. ದೊನ್ನೆ ಬಿರಿಯಾನಿ ಕತ್ತಲಲ್ಲಿ ಕಾರಿನೊಳಗೆ ಕೂತು ತಿನ್ನುವುದು ಬೇಡ, ಮೂಳೆ ಕಾಣಬೇಕು. ದರ್ಶಿನಿಯಲ್ಲಿ ನಿಂತುಕೊಂಡು ಬಸ್ಸು ಬರುವ ಮುಂಚೆ ಮುಗಿಸುವವರು ಬಾಯಲ್ಲಿರುವ ತುತ್ತು ಇಳಿಯುವ ತನಕ ಇನ್ನೊಂದು ಹಾಕಬೇಡಿ.

ಮಾತ್ರೆಗಳೂ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುತ್ತವೆ. ಡಾಕ್ಸಿಸೈಕ್ಲಿನ್, ಕಬ್ಬಿಣದ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ನೋವಿನ ಮಾತ್ರೆ ಇವುಗಳಲ್ಲಿ ಮುಖ್ಯ. ಮಲಗುವ ಮುಂಚೆ ಒಂದು ಗುಟುಕಿನಲ್ಲಿ ನುಂಗಿ ಹಾಸಿಗೆಗೆ ಹೋಗಬೇಡಿ. ಕೂತುಕೊಂಡು ಅಥವಾ ನಿಂತುಕೊಂಡು, ಒಂದು ದೊಡ್ಡ ಲೋಟ ನೀರಿನ ಜೊತೆ ತಗೊಳ್ಳಿ. ಆಮೇಲೆ ಅರ್ಧ ಗಂಟೆ ಮಲಗಬೇಡಿ.